ಒಂದೇ ಫೋಲ್ಡರಿನಲ್ಲಿ ನಲವತ್ತೊಂದು ಮನೆ

ಫೈಲುಗಳು ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳಿಂದಲೇ ಹೇಳಬೇಕು. ನನ್ನ ಡಿಟಿಪಿ ಅಂಗಡಿ ಕಾರವಾರದ ಕೋಡಿಬಾಗದಲ್ಲಿ. ಮಾಸ್ತರರ ಮನೆ ಅಂಕೋಲೆಯಲ್ಲಿ. ಪವರ್ ಹೌಸಿನ ಆಪರೇಟರ್ ಇದ್ದದ್ದು ಕದ್ರಾದ ವಿದ್ಯುತ್ ಕಾಲೊನಿಯಲ್ಲಿ. ನಾವು ಮೂವರು ಸೇರಿ ಒಂದು ಊರಿನ ನಕಾಶೆ ಮಾಡುತ್ತಿದ್ದೆವು. ಆ ಊರು ನನ್ನ ತವರು. ಕದ್ರಾ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿ ಆಗಲೇ ಹತ್ತು ವರ್ಷ ದಾಟಿತ್ತು. ಮಾಸ್ತರರು ಅಲ್ಲಿಯ ಶಾಲೆಯಲ್ಲಿ ಕಲಿಸಿದವರು. ಆಪರೇಟರ್ ಅಲ್ಲಿಯೇ ಹುಟ್ಟಿದವನು, ನಮ್ಮ ಪಕ್ಕದ ಮನೆಯವನು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ ಇದು. ಸರ್ಕಾರದ ಹತ್ತಿರ ಆ ಊರಿನ ಸರ್ವೆ ನಂಬರುಗಳಿದ್ದವು. ಯಾವ ಮನೆಯ ಮುಂದೆ ಯಾವ ಮರವಿತ್ತು, ಯಾವ ಬಾವಿಗೆ ಯಾರು ಬರುತ್ತಿದ್ದರು ಎಂಬುದು ಇರಲಿಲ್ಲ. ನಮಗೆ ಬೇಕಾಗಿದ್ದದ್ದು ಅದು.

ಮೊದಲು ಪೆನ್ ಡ್ರೈವನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ರಬ್ಬರ್ ಸುತ್ತಿ, ಅಂಕೋಲೆ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಮಾಸ್ತರರು ನಿಲ್ದಾಣದಲ್ಲಿ ಕೊಡೆ ಹಿಡಿದು ಕಾಯುವರು. ಅವರು ನೋಡಿ ತಿದ್ದಿ ಕಳಿಸುವಷ್ಟರಲ್ಲಿ ನಾನು ಇಲ್ಲಿ ಅದೇ ಫೈಲನ್ನು ಬೇರೆ ರೀತಿ ತಿದ್ದಿರುತ್ತಿದ್ದೆ. ಕದ್ರಾದಲ್ಲಿ ಆಪರೇಟರ್ ಹಳೆಯ ಗೆರೆಗಳ ಮೇಲೆಯೇ ಹೊಸ ಮನೆ ಕೂರಿಸಿರುತ್ತಿದ್ದ. ಒಂದು ಹಂತದಲ್ಲಿ ನಮ್ಮಲ್ಲಿ ಮೂರು ಊರುಗಳಿದ್ದವು. ಒಂದರಲ್ಲಿ ಶಾಲೆ ಹೊಳೆಯ ಹತ್ತಿರ, ಇನ್ನೊಂದರಲ್ಲಿ ಗುಡ್ಡದ ಮೇಲೆ, ಮೂರನೆಯದರಲ್ಲಿ ಶಾಲೆಯೇ ಇಲ್ಲ. ಮಾಸ್ತರರು ತಮ್ಮ ಶಾಲೆ ಕಾಣದೆ ನನಗೆ ಫೋನ್ ಮಾಡಿ ಅರ್ಧ ಗಂಟೆ ಬೈದಿದ್ದರು.

ಎಲ್ಲರಿಗೂ ಒಂದೇ ಫೋಲ್ಡರ್ ಎಂಬ ಉಪಾಯ ತಂದವನು ಆಪರೇಟರ್. ಇಂಟರ್ನೆಟ್ಟಿನಲ್ಲಿ ಸ್ವಲ್ಪ ಜಾಗ ಪುಕ್ಕಟೆ ಕೊಡುತ್ತಾರೆ, ಮೂರು ಕಂಪ್ಯೂಟರಿನಲ್ಲೂ ಒಂದು ಚಿಕ್ಕ ತಂತ್ರಾಂಶ ಹಾಕಿಕೊಂಡರೆ ಸಾಕು, ಒಬ್ಬರು ಫೋಲ್ಡರಿಗೆ ಹಾಕಿದ್ದು ಉಳಿದಿಬ್ಬರಿಗೂ ತಾನೇ ಬಂದು ಬೀಳುತ್ತದೆ ಎಂದ. ಫೈಲು ಮೋಡದಲ್ಲಿ ಇರುತ್ತದೆ ಎಂದೂ ಹೇಳಿದ.

“ಮೋಡದಾಗಾ? ಹಂಗಾರೆ ಬೇಸಿಗೆಯಲ್ಲಿ ಎಂತಾ ಮಾಡೂದೋ?” ಎಂದರು ಮಾಸ್ತರರು. ತಮಾಷೆಗೆ ಕೇಳಿದರೋ ನಿಜಕ್ಕೂ ಕೇಳಿದರೋ ಅವರ ಮುಖ ನೋಡಿದರೆ ಎಂದೂ ತಿಳಿಯುತ್ತಿರಲಿಲ್ಲ.

ಒಂದು ವಾರ ಪರದಾಡಿ ನಿಯಮಗಳನ್ನು ಮಾಡಿಕೊಂಡೆವು. ಕನ್ನಡದಲ್ಲಿ ಫೈಲಿಗೆ ಹೆಸರಿಟ್ಟರೆ ಮಾಸ್ತರರ ಹಳೆಯ ಕಂಪ್ಯೂಟರಿನಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಹೆಸರೇ ಬೇಡ, ಮನೆಯ ಸಂಖ್ಯೆ ಮಾತ್ರ. ಹೊಳೆಗುಂಟ ಕೆಳಗಿನಿಂದ ಮೇಲಕ್ಕೆ ಎಣಿಸಿದರೆ ಒಂದರಿಂದ ನಲವತ್ತೊಂದು. ಪ್ರತಿ ಸಂಖ್ಯೆಗೆ ಒಂದು ಧ್ವನಿ, ಒಂದು ಬರಹ, ಒಂದು ಚಿತ್ರ. ಇಬ್ಬರು ಒಂದೇ ಫೈಲನ್ನು ಒಟ್ಟಿಗೆ ತೆರೆದರೆ ಅದು ಎರಡಾಗಿ ಒಡೆಯುತ್ತಿತ್ತು. ಅದಕ್ಕೆ ಮಿಸ್ಡ್ ಕಾಲ್ ಪದ್ಧತಿ ತಂದೆವು. ಒಂದು ಮಿಸ್ಡ್ ಕಾಲ್ ಅಂದರೆ ನಾನು ಫೈಲು ತೆರೆದಿದ್ದೇನೆ, ಮುಟ್ಟಬೇಡಿ. ಎರಡು ಅಂದರೆ ಮುಚ್ಚಿದೆ, ಈಗ ನೀವು ತೆಗೆಯಬಹುದು. ಮಾಸ್ತರರು ಎರಡನೆಯದನ್ನು ಮರೆತು ಊಟಕ್ಕೆ ಹೋಗಿಬಿಟ್ಟರೆ ನಾವಿಬ್ಬರೂ ಕೈಕಟ್ಟಿ ಕೂರಬೇಕು.

ಈ ನಲವತ್ತೊಂದು ಮನೆಗಳನ್ನು ಹೇಳಿದವಳು ನನ್ನ ಆಯಿ, ಹೆತ್ತ ತಾಯಿ. ಊರು ಬಿಟ್ಟ ಮೇಲೆ ನನ್ನ ಜೊತೆಗೇ ಇದ್ದಳು. ಊರಿನ ಉಳಿದ ಹಿರಿಯರು ಒಬ್ಬೊಬ್ಬರಾಗಿ ಹೋಗಿದ್ದರು, ಇಲ್ಲವೇ ಅವರಿಗೆ ತಮ್ಮ ಮನೆಯಷ್ಟೇ ನೆನಪಿತ್ತು. ಆಯಿಗೆ ಎಲ್ಲರ ಅಡುಗೆಮನೆಯೂ ಗೊತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂರಿಸಿ, ಕೈಯಷ್ಟೇ ಉದ್ದದ ರೆಕಾರ್ಡರನ್ನು ಅವಳ ಮುಂದೆ ಇಡುತ್ತಿದ್ದೆ.

“ಹನ್ನೆರಡನೇ ಮನೆ ಅಲ್ವಾ? ಬೇಲಿ ದಣಪೆ ದಾಟಿದ ಕೂಡ್ಲೆ ಎಡಕ್ಕೆ ಇಶಾಡ ಮಾವಿನ ಮರ. ಅದ್ರ ಬುಡದಲ್ಲಿ ಒರಳು. ಮರ ಅವ್ರದ್ದು, ಒರಳು ನಮ್ದು. ಅವ್ರ ಒರಳು ಒಡದೋಗಿತ್ತು. ನಾಕು ವರ್ಷ ನಮ್ಮ ಒರಳಲ್ಲೇ ರುಬ್ಬಿದ್ರು, ಒಂದು ದಿನನೂ ತೊಳದಿಟ್ಟವ್ರಲ್ಲ.”

ಹೀಗೆ. ಆ ರೆಕಾರ್ಡರಿನ ಹೊಟ್ಟೆ ಚಿಕ್ಕದು. ಐದಾರು ಮನೆಯಾದರೆ ತುಂಬುತ್ತಿತ್ತು. ಮೊದಲೆಲ್ಲ ಸಿಡಿಗೆ ಹಾಕಿ ಆಮೇಲೆ ಅಳಿಸುತ್ತಿದ್ದೆ. ಫೋಲ್ಡರ್ ಬಂದ ಮೇಲೆ ಸಿಡಿ ಯಾಕೆ ಬೇಕು ಅನ್ನಿಸಿತು. ಮೂರು ಕಡೆ ಇದೆ, ಮೇಲೆ ಮೋಡದಲ್ಲೂ ಇದೆ. ಎಂಟನೆಯ ಮನೆಯಿಂದ ಮುಂದಿನದೆಲ್ಲ ಫೋಲ್ಡರಿನಲ್ಲಿ ಮಾತ್ರ ಉಳಿಯಿತು.

ನಲವತ್ತೊಂದನೆಯ ಮನೆ ಮುಗಿದ ತಿಂಗಳೊಳಗೆ ಆಯಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಹೂಂ ಎನ್ನುತ್ತಿದ್ದಳು, ಕೆಲವೊಮ್ಮೆ ಅಲ್ಲೇ ಎನ್ನುತ್ತಿದ್ದಳು, ಅಷ್ಟೇ. ಡಾಕ್ಟರು ನಿಧಾನ ಬರಬಹುದು ಎಂದರು. ನಾನು ಕಾದೆ. ಬೆಳಿಗ್ಗೆ ಅವಳಿಗೆ ಗಂಜಿ ಕುಡಿಸಿ ಅಂಗಡಿಗೆ ಬಂದು, ಹೆಡ್‌ಫೋನ್ ಹಾಕಿ, ಅವಳ ಮಾತು ಕೇಳುತ್ತ ಬೆರಳಚ್ಚು ಮಾಡುತ್ತಿದ್ದೆ. ಮನೆಯಲ್ಲಿ ಸುಮ್ಮನೆ ಮಲಗಿದವಳು ಇಲ್ಲಿ ನನ್ನ ಕಿವಿಯಲ್ಲಿ ಪಟಪಟ ಮಾತಾಡುತ್ತಿದ್ದಳು, ನಗುತ್ತಿದ್ದಳು, ಯಾರ್ಯಾರನ್ನೋ ಆಡಿಕೊಳ್ಳುತ್ತಿದ್ದಳು. ಒಂದೊಂದು ವಾಕ್ಯವನ್ನು ಬೇಕೆಂದೇ ಎರಡು ಮೂರು ಸಲ ತಿರುಗಿಸಿ ಕೇಳುತ್ತಿದ್ದೆ. ಆ ದನಿಗಾಗಿ ನಾನು ಎಷ್ಟು ಹಂಬಲಿಸುತ್ತಿದ್ದೆನೆಂದರೆ, ಸಂಜೆ ಮನೆಗೆ ಹೋಗಿ ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಮಲಗಿದ ಆಯಿಗಿಂತ ಫೈಲಿನ ಆಯಿಯೇ ನನಗೆ ಹೆಚ್ಚು ಹತ್ತಿರವಾಗುತ್ತಿದ್ದಳು.

ಆಯುಧಪೂಜೆಯ ದಿನ ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದೆ. ಹಬ್ಬಕ್ಕೆ ಎಲ್ಲರ ಯಂತ್ರಗಳೂ ವಿಶ್ರಾಂತಿ ತೆಗೆದುಕೊಂಡರೂ ಡಿಟಿಪಿಯವರದು ತೆಗೆದುಕೊಳ್ಳುವುದಿಲ್ಲ. ಒಂದು ಗ್ಯಾರೇಜಿನವರ ಪೂಜೆಯ ಆಮಂತ್ರಣ ಆ ದಿನವೇ ಬೇಕಿತ್ತು. ಮಾನಿಟರಿಗೆ ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ, ದೇವರ ಹತ್ತಿರ ತಪ್ಪಾಯಿತೆಂದು ಹೇಳಿ ಕೆಲಸ ಶುರು ಮಾಡಿದ್ದೆ. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತಾರನೆಯ ಮನೆ ತೆರೆಯೋಣವೆಂದು ಫೋಲ್ಡರಿಗೆ ಹೋದರೆ ಅಲ್ಲಿ ಇಪ್ಪತ್ತಾರು ಇರಲಿಲ್ಲ. ಇಪ್ಪತ್ತೇಳರಿಂದ ನಲವತ್ತೊಂದರವರೆಗೆ ಮಾತ್ರ ಇದ್ದವು. ಕಣ್ಣು ಉಜ್ಜಿಕೊಂಡು ನೋಡುವಷ್ಟರಲ್ಲಿ ಇಪ್ಪತ್ತೇಳೂ ಇರಲಿಲ್ಲ. ನೋಡುತ್ತಿದ್ದಂತೆಯೇ ಒಂದೊಂದೇ ಸಾಲು ಹೋಗುತ್ತಿತ್ತು. ಇಂಟರ್ನೆಟ್ ವಾಯರು ಕಿತ್ತೆಸೆಯಬೇಕು ಎಂದು ಹೊಳೆಯುವ ಹೊತ್ತಿಗೆ ಫೋಲ್ಡರ್ ಖಾಲಿಯಾಗಿತ್ತು.

ಊರು ಮುಳುಗುವಾಗ ನಾನು ಅಲ್ಲಿರಲಿಲ್ಲ, ಗಂಡನ ಮನೆಯಲ್ಲಿದ್ದೆ. ಈಗ ಕಣ್ಣೆದುರಿಗೇ ಆಯಿತು.

ಮಾಸ್ತರರಿಗೆ ಫೋನ್ ಮಾಡಿದೆ. ಅವರು ಖುಷಿಯಲ್ಲಿದ್ದರು.

“ಹಬ್ಬದ ಶುಭಾಶಯ ತಂಗಿ. ಪೂಜೆ ಆಯ್ತಾ ನಿಂದು?”

“ಮಾಸ್ತರ್ರೆ, ಫೋಲ್ಡರಿಗೆ ಎಂತಾ ಮಾಡಿದ್ರಿ?”

“ಎಂತದೂ ಮಾಡ್ಲಿಲ್ಲ. ಪೂಜೆಗೆ ಇಡೂದಲ್ವಾ ಹೇಳಿ ಕಂಪ್ಯೂಟರು ಮೇಲಿಂದ ಒರ್ಸ್ದೆ. ಒಳಗೆ ಕಸ ಇಟ್ಕಂಡು ಮೇಲೆ ಹೂವು ಹಾಕಿದ್ರೆ ಆತದ್ಯಾ? ಜಾಗ ಇಲ್ಲ ಹೇಳಿ ಒಂದು ತಿಂಗ್ಳಿಂದ ಅದು ಬಡ್ಕಂತಾ ಇತ್ತು. ಮನೆ ಫೈಲು ಹೆಂಗೂ ನಿನ್ನ ಹತ್ರ ಅದೆ, ಕದ್ರಾದಲ್ಲಿ ಅದೆ, ಮೋಡದಲ್ಲೂ ಅದೆ. ನಂದ್ರಲ್ಲಿ ಯಾಕೆ ಹೇಳಿ ತೆಗ್ದೆ. ಕಸದ ಬುಟ್ಟಿನೂ ಖಾಲಿ ಮಾಡ್ದೆ. ಈಗ ಲಕಲಕ ಹೇಳ್ತದೆ ನೋಡು.”

ಇಡೀ ಜೀವನ ಶಾಲೆಯ ಹಲಗೆಯನ್ನು ತಾವೇ ಒರೆಸಿ ಮನೆಗೆ ಹೋಗುತ್ತಿದ್ದ ಮನುಷ್ಯ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಸೈಕಲ್ಲು ಎಲ್ಲ ತೊಳೆದಂತೆ ಕಂಪ್ಯೂಟರಿನ ಒಳಗನ್ನೂ ತೊಳೆದಿದ್ದರು. ಫೋಲ್ಡರ್ ಒಂದೇ, ಬಾಗಿಲು ಮಾತ್ರ ಮೂರು, ಎಂದು ಬಿಡಿಸಿ ಹೇಳಿದೆ.

“ನಿನ್ನ ಆಯಿದು?” ಎಂದು ಕೇಳಿದರು.

“ಎಲ್ಲಾ ಹೋಯ್ತು ಮಾಸ್ತರ್ರೆ.”

ಅವರು ಅಳುತ್ತಿದ್ದಾರೆಂದು ತಿಳಿದು ಫೋನ್ ಇಟ್ಟೆ.

ನನ್ನ ಕಂಪ್ಯೂಟರಿನ ಕಸದ ಬುಟ್ಟಿ ನೋಡಿದೆ. ಬೇರೆ ಕಡೆಯಿಂದ ಬಂದ ಅಳಿಸುವ ಆಜ್ಞೆಯನ್ನು ಆ ತಂತ್ರಾಂಶ ಬುಟ್ಟಿಗೆ ಹಾಕದೆ ನೇರವಾಗಿ ನಡೆಸಿಬಿಟ್ಟಿತ್ತು. ಇಂಟರ್ನೆಟ್ಟಿನ ಪುಟದಲ್ಲಿ ಅಳಿಸಿದ್ದನ್ನು ಮರಳಿ ತರುವ ಗುಂಡಿ ಇದ್ದರೂ ಇರಬಹುದು, ನನ್ನ ಇಂಗ್ಲಿಷಿಗೆ ಅದು ಸಿಗಲಿಲ್ಲ. ಸಹಾಯ ಕೇಳಿ ಬರೆದೆ, ಉತ್ತರ ಬರಲಿಲ್ಲ. ಹಳೆಯ ಸಿಡಿಯಲ್ಲಿ ಏಳು ಮನೆ ಸಿಕ್ಕವು. ರೆಕಾರ್ಡರನ್ನು ತೆರೆದು ನೋಡಿದೆ, ಅದರಲ್ಲಿ ಯಾವುದೋ ಮದುವೆಯ ಭಾಷಣವಿತ್ತು.

ಉಳಿದದ್ದು ಕದ್ರಾ. ಆಪರೇಟರನ ಮೊಬೈಲು ಹತ್ತಲಿಲ್ಲ. ಮನೆಯ ಫೋನಿಗೆ ಮಾಡಿದರೆ ಅವನ ಹೆಂಡತಿ ಎತ್ತಿದಳು.

“ಅವ್ರು ಪಾಳಿಗೆ ಹೋಗಿದ್ರು ಅಕ್ಕಾ. ಪವರ್ ಹೌಸಲ್ಲಿ ಪೂಜೆ ಅಲ್ವಾ, ಬರೂದು ನಾಳೆ ಬೆಳಿಗ್ಗೆನೇ.”

“ಕಂಪ್ಯೂಟರು ಚಾಲೂ ಅದ್ಯಾ?”

“ಇಲ್ಲಪ್ಪ. ಅಷ್ಟಮಿ ದಿನವೇ ಬಂದ್ ಮಾಡಿ ಪೂಜೆಗೆ ಇಟ್ಟಿದ್ರು. ಅರಿಶಿನ, ಕುಂಕುಮ, ಹೂವು ಎಲ್ಲಾ ಆಯ್ತು. ನಮ್ಮ ಅತ್ತೆ ಮುಟ್ಟೂಕೆ ಬಿಡೂದಿಲ್ಲ. ನಾಳೆ ದಶಮಿ ಪೂಜೆ ಆದ್ಮೇಲೇ ತೆಗ್ಯೂದು. ನಿಂಗೆ ಅರ್ಜೆಂಟಾ?”

ನನಗೆ ಅವಳ ಅತ್ತೆಯ ಕಾಲಿಗೆ ಬೀಳಬೇಕು ಅನ್ನಿಸಿತು. ಬಂದ್ ಆಗಿದ್ದ ಕಂಪ್ಯೂಟರಿಗೆ ಅಳಿಸುವ ಆಜ್ಞೆ ತಲುಪಿರಲಿಲ್ಲ. ಆ ಹೂವಿನ ಹಿಂದೆ ನಲವತ್ತೊಂದು ಮನೆಗಳೂ ಇದ್ದವು.

ಅಷ್ಟರಲ್ಲಿ ಮಾಸ್ತರರ ಫೋನು ಮತ್ತೆ ಬಂತು. ಅವರಿಗೂ ಕದ್ರಾ ಹೊಳೆದಿತ್ತು. ಈಗಲೇ ಅಲ್ಲಿ ಚಾಲೂ ಮಾಡಿಸೋಣ, ಅದರಲ್ಲಿ ತುಂಬಿದ್ದು ಮೋಡಕ್ಕೆ ಹೋಗುತ್ತದೆ, ಮೋಡದಿಂದ ನಮಗೆ ಬರುತ್ತದೆ ಎಂದು ಗಡಿಬಿಡಿಯಲ್ಲಿದ್ದರು. ತುಂಬಿದ ಕೊಡದಿಂದ ಖಾಲಿ ಕೊಡಕ್ಕೆ ನೀರು ಬರುವುದು ಸಹಜವಲ್ಲವೇ ಎಂಬುದು ಅವರ ಲೆಕ್ಕ. ಕೇಳಿದಾಗ ನನಗೂ ಸರಿ ಅನ್ನಿಸಿತು. ಒಂದು ಕ್ಷಣ ಹೂಂ ಎನ್ನಲು ಬಾಯಿ ತೆರೆದೆ.

ಆಗ ನೆನಪಾಯಿತು. ಮಳೆಗಾಲದಲ್ಲಿ ಒಮ್ಮೆ ಹತ್ತೊಂಬತ್ತನೆಯ ಮನೆ ಎರಡಾಗಿ ಒಡೆದಿತ್ತು. ಕದ್ರಾದ ಕಂಪ್ಯೂಟರು ಎರಡು ದಿನದಿಂದ ಬಂದಾಗಿದ್ದಾಗ ನಾನು ಇಲ್ಲಿ ಹೆಚ್ಚಿನ ಪ್ರತಿಯನ್ನು ಅಳಿಸಿದ್ದೆ. ಮೂರನೆಯ ದಿನ ಆಪರೇಟರ್ ಚಾಲೂ ಮಾಡಿದಾಗ ಅವನಲ್ಲಿಯ ಪ್ರತಿ ಮೋಡಕ್ಕೆ ಬರಲಿಲ್ಲ. ಅವನಲ್ಲೇ ಅಳಿದುಹೋಯಿತು. ಯಂತ್ರಕ್ಕೆ ತುಂಬಿದ್ದು ಯಾವುದು, ಖಾಲಿ ಯಾವುದು ಎಂಬ ಮುಲಾಜಿಲ್ಲ. ಕೊನೆಗೆ ಆದದ್ದು ಏನು ಎಂಬುದಷ್ಟೇ ಅದಕ್ಕೆ ಬೇಕು. ಕೊನೆಗೆ ಆದದ್ದು ಮಾಸ್ತರರ ಸ್ವಚ್ಛತೆ.

“ಮಾಸ್ತರ್ರೆ, ಕದ್ರಾಕ್ಕೆ ಫೋನ್ ಮಾಡಬೇಡಿ. ಯಾರೂ ಅದ್ನ ಚಾಲೂ ಮಾಡೂದು ಬೇಡ. ನಾ ನಾಳೆ ಬೆಳಿಗ್ಗೆ ಹೋಗ್ತೆ.”

“ತಪ್ಪಾದ್ರೆ?”

“ತಪ್ಪಾದ್ರೆ ನಂದೇ ತಪ್ಪು.”

ಆಪರೇಟರನ ಹೆಂಡತಿಗೆ ಫೋನಿನಲ್ಲೇ ವಾಯರು ತೆಗೆಯಲು ಹೇಳಬಹುದಿತ್ತು. ಆದರೆ ಹಿಂದೆ ವಾಯರುಗಳ ಜಡೆಯೇ ಇದೆ, ಮೇಲೆ ಅತ್ತೆ ಬಿಡುವುದಿಲ್ಲ. ಮತ್ತೆ ಫೋನ್ ಮಾಡಿ, ಕಂಪ್ಯೂಟರು ನಾನು ಬರುವವರೆಗೆ ಹಾಗೇ ಇರಲಿ ಎಂದಷ್ಟೇ ಹೇಳಿದೆ. ಮನೆಗೆ ಹೋದರೆ ಆಯಿ ಎಚ್ಚರವಿದ್ದಳು. ಹಬ್ಬದ ಪಾಯಸ ಚಮಚದಲ್ಲಿ ಕುಡಿಸಿದೆ.

ಮರುದಿನ ಮೊದಲ ಬಸ್ಸು ಹಿಡಿದೆ. ಮಲ್ಲಾಪುರ ದಾಟಿದ ಮೇಲೆ ಬಸ್ಸಿನಲ್ಲಿ ಇದ್ದದ್ದೇ ನಾಲ್ಕು ಜನ. ಕಾಲೊನಿಯ ಮನೆ ತಲುಪುವಾಗ ಆಪರೇಟರ್ ಸ್ನಾನ ಮಾಡಿ ಮಡಿಪಂಚೆ ಉಟ್ಟು ಆರತಿಗೆ ತಯಾರಾಗಿದ್ದ. ಅವನ ಮನೆಯ ಪದ್ಧತಿ ಏನೆಂದರೆ, ದಶಮಿಯ ಆರತಿಯಾದ ಕೂಡಲೇ ಪೂಜೆಗೆ ಇಟ್ಟ ಪ್ರತಿಯೊಂದು ಯಂತ್ರವನ್ನೂ ಸ್ವಲ್ಪ ಹೊತ್ತಾದರೂ ನಡೆಸಬೇಕು. ಮಿಕ್ಸರು ಒಮ್ಮೆ ಗುರ್ ಎನ್ನಬೇಕು, ಬೈಕು ಒಮ್ಮೆ ಕೂಗಬೇಕು, ಕಂಪ್ಯೂಟರಿನ ಪರದೆ ಬೆಳಗಬೇಕು. ಇಂಟರ್ನೆಟ್ಟಿನ ಡಬ್ಬಿಗೂ ಕುಂಕುಮವಿತ್ತು, ಅದೂ ಬೆಳಗಬೇಕು.

ವಿಷಯ ಹೇಳಿದೆ. ಅವನು ಆರತಿಯ ತಟ್ಟೆ ಕೆಳಗಿಟ್ಟು ವಾಯರು ಎಳೆಯಲು ಹೊರಟ. ಅವನ ತಾಯಿ ಮಾತ್ರ ಜಗ್ಗಲಿಲ್ಲ.

“ಪೂಜೆ ಮಾಡಿದ್ದಕ್ಕೆ ವಾಯರು ಕಿತ್ತರೆ ಅಪಶಕುನ ಅಲ್ವನೇ?”

“ಅತ್ತೆ, ಇದ್ರೊಳಗೆ ನಿಮ್ಮ ಮನೆ ಅದೆ. ಒಂಬತ್ತನೇ ನಂಬರು. ನಿಮ್ಮ ಬಚ್ಚಲ ಹಿಂದಿನ ಕರಿಬೇವಿನ ಗಿಡನೂ ಅದೆ. ವಾಯರು ಇದ್ರೆ ಅದೆಲ್ಲಾ ಹೋತದೆ.”

ಊರಿನ ವರಸೆಯಲ್ಲಿ ನನಗೆ ಅವರು ಅತ್ತೆಯೇ. ಅವರು “ಕರಿಬೇವು ಬರ್ದಿದ್ರಾ?” ಎಂದು ಕೇಳಿ, ತಾವೇ ಗೋಡೆಯ ಹತ್ತಿರ ಹೋಗಿ ಫೋನಿನ ವಾಯರಿಗೆ ಒಂದು ಹೂವು ಏರಿಸಿ ಕೈಮುಗಿದರು. ಆಮೇಲೆ ಎಳೆಯಲು ನನಗೆ ಹೇಳಿದರು. ಎಳೆದೆ. ಡಬ್ಬಿಯ ಹಿಂದಿನ ಇನ್ನೊಂದು ವಾಯರನ್ನೂ ತೆಗೆದು ನನ್ನ ಚೀಲದಲ್ಲೇ ಹಾಕಿಕೊಂಡೆ. ಆರತಿಯಾಯಿತು. ಆಪರೇಟರ್ ಗುಂಡಿ ಒತ್ತಿದ.

ಫೋಲ್ಡರ್ ತೆರೆಯಿತು. ಒಂದರಿಂದ ನಲವತ್ತೊಂದು, ಸಾಲಾಗಿ ಇದ್ದವು. ಯಾರಿಗೂ ಹೇಳದೆ ಹನ್ನೆರಡನೆಯದರ ಧ್ವನಿ ಒತ್ತಿದೆ. ಮರ ಅವ್ರದ್ದು, ಒರಳು ನಮ್ದು, ಎಂದಳು ಆಯಿ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನ ತಾಯಿಯೂ ಅತ್ತರು. ಹೆಂಡತಿ ಚಹಾ ತಂದಳು.

ಎರಡು ಪೆನ್ ಡ್ರೈವಿಗೆ, ಆರು ಸಿಡಿಗೆ ನಕಲು ಮಾಡಿದೆವು. ಪ್ರತಿ ಸಿಡಿಯನ್ನೂ ಹೊರಗೆ ತೆಗೆದು ಮತ್ತೆ ಹಾಕಿ, ಮೊದಲ ಮತ್ತು ಕೊನೆಯ ಫೈಲನ್ನು ತೆರೆದು ನೋಡಿದೆವು. ಅಷ್ಟಮಿಯ ದಿನ ಅದು ಬಂದಾದ ಮೇಲೆ ನಾನು ಮಾಡಿದ ಬೆರಳಚ್ಚು ಅದರಲ್ಲಿ ಇರಲಿಲ್ಲ. ಹೋಗಲಿ, ಅದು ನನ್ನ ಬೆರಳಿನದು, ಮತ್ತೆ ಮಾಡಬಹುದು. ಎಲ್ಲ ಮುಗಿದ ಮೇಲೆ, ನೋಡೇಬಿಡೋಣ ಎಂದು ವಾಯರು ಸಿಕ್ಕಿಸಿದೆವು. ಒಂದು ನಿಮಿಷವೂ ಆಗಲಿಲ್ಲ, ಮನೆಗಳು ಅಲ್ಲಿಯೂ ಒಂದೊಂದಾಗಿ ಹೋಗತೊಡಗಿದವು. ಆಪರೇಟರ್ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಖಾಲಿಯಾಗುವವರೆಗೂ ಬಿಡಲಿಲ್ಲ.

ಮೂರು ದಿನ ಬಿಟ್ಟು ಮಾಸ್ತರರು ಕೋಡಿಬಾಗಕ್ಕೆ ಬಂದರು. ಅಂಗಡಿಯೊಳಗೆ ಬರದೆ ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ಕರೆದು ಕೂರಿಸಿ, ಫೋಲ್ಡರಿಗೆ ಮತ್ತೆ ಎಲ್ಲ ತುಂಬಿಸಿ, ಅವರ ಹೆಸರನ್ನೂ ಸೇರಿಸಿದೆ. ಬೇಡ ತಂಗಿ, ನನ್ನ ಕೈ ಸರಿಯಿಲ್ಲ ಎಂದರು. ಶಾಲೆ ಎಲ್ಲಿತ್ತು ಎಂದು ನಿಮ್ಮನ್ನು ಬಿಟ್ಟು ಯಾರು ಹೇಳುತ್ತಾರೆ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಅಂದಿನಿಂದ ತಿಂಗಳಿಗೊಮ್ಮೆ ಸಿಡಿ ಮಾಡುವುದು ಮಾತ್ರ ಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ನಕಾಶೆ ಮುಗಿಯಿತು. ನಾಲ್ಕು ದೊಡ್ಡ ಹಾಳೆಗಳಲ್ಲಿ ಮುದ್ರಿಸಿ, ಅಂಟಿಸಿ, ಮನೆಗೆ ಒಯ್ದೆ. ಆಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಅವಳ ಮುಂದೆ ಹಲಗೆಯ ಮೇಲೆ ಹರಡಿದೆ. ಅವಳ ಎಡಗೈ ಎತ್ತಿ ಹಾಳೆಯ ಮೇಲೆ ಇಟ್ಟೆ. ಅವಳು ನಮ್ಮ ಮನೆಯನ್ನು ಹುಡುಕುತ್ತಾಳೆ, ಸಿಕ್ಕಾಗ ಅವಳ ಮುಖ ನೋಡಬೇಕು ಎಂದು ನಾನು ಮೂರು ವರ್ಷದಿಂದ ಕಾದಿದ್ದೆ.

ಬೆರಳು ನಮ್ಮ ಮನೆಯ ಮೇಲೆ ಬಂತು. ನಿಲ್ಲಲಿಲ್ಲ. ಬಾವಿ ದಾಟಿತು, ಶಾಲೆ ದಾಟಿತು, ಹೊಳೆಯ ಅಂಚು ಹಿಡಿದು ಮೇಲಕ್ಕೆ ಹೋಯಿತು. ನಲವತ್ತೊಂದನೆಯ ಮನೆಯೂ ಮುಗಿಯಿತು, ಹಾಳೆಯೂ ಮುಗಿಯಿತು. ಬೆರಳು ಹಲಗೆಯ ಮೇಲೆ ಇಳಿದು ಇನ್ನೂ ಒಂದು ಗೇಣು ಹೋಗಿ ನಿಂತಿತು.

“ಅಲ್ಲೇ,” ಎಂದಳು ಆಯಿ.

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆಯ ಮೇಲ್ದಂಡೆಯಲ್ಲಿ, ಅಲ್ಲಿಂದ ಎರಡು ಹರದಾರಿ ದೂರದಲ್ಲಿ, ಅವಳ ಅಪ್ಪನ ಮನೆ ಇತ್ತು. ಅದೂ ನೀರಿನ ಕೆಳಗೇ ಹೋಗಿತ್ತು. ನನ್ನ ತವರು ಹೋಯಿತೆಂದು ನಾನು ಊರಿಡೀ ಅಳೆದು ಕೂತಿದ್ದೆ. ಅವಳ ತವರಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಈಗ ಕೇಳಿದರೆ ಹೇಳಲು ಅವಳಿಗೆ ಮಾತಿರಲಿಲ್ಲ.

ಮರುದಿನ ಅಂಗಡಿಯಲ್ಲಿ ನಲವತ್ತೊಂದು ಧ್ವನಿಗಳನ್ನೂ ಮೊದಲಿನಿಂದ ಕೇಳಿದೆ. ಎಲ್ಲಾದರೂ ಹೇಳಿರಬಹುದೆಂಬ ಆಸೆ. ಹೇಳಿದ್ದಳು. ಹದಿನೆಂಟನೆಯ ಮನೆಯ ನಡುವೆ, “ನಮ್ಮ ಅಪ್ಪನ ಮನೆ ಎದುರೂ ಹಿಂಗೇ ಒಂದು ಹಳ್ಳ ಇತ್ತು. ಮಳೆಗಾಲದಲ್ಲಿ ಅದ್ನ ದಾಟೂಕೆ...” ಎಂದು ಶುರು ಮಾಡಿದ್ದಳು. ಅಷ್ಟರಲ್ಲಿ ನನ್ನದೇ ದನಿ ಅಡ್ಡ ಬಂತು. “ಅದು ಬೇಡ ಆಯಿ, ನಮ್ಮೂರಿಂದು ಹೇಳು.” ಬೆರಳಚ್ಚು ಮಾಡುವಾಗ ಇದನ್ನೆಲ್ಲ ಬೇಡದ್ದೆಂದು ದಾಟಿಸಿ ಮುಂದೆ ಹೋಗಿದ್ದೆ. ಇಪ್ಪತ್ತೆರಡರಲ್ಲಿ ಮತ್ತೊಮ್ಮೆ. ಇಪ್ಪತ್ತೊಂಬತ್ತರಲ್ಲಿ ಮತ್ತೊಮ್ಮೆ. ಒಟ್ಟು ಏಳು ಸಲ ಅವಳು ಅಲ್ಲಿಗೆ ಹೊರಟಿದ್ದಳು, ಏಳು ಸಲವೂ ನಾನು ಕೈಹಿಡಿದು ವಾಪಸು ಕರೆತಂದಿದ್ದೆ. ಮೂವತ್ತಾರನೆಯ ಮನೆಯ ನಂತರ ಅವಳು ಆ ಮಾತೆತ್ತಲೇ ಇಲ್ಲ.

ಆ ಏಳು ತುಂಡುಗಳನ್ನು ಕತ್ತರಿಸಿ ಜೋಡಿಸಿದೆ. ನನ್ನ ದನಿ ತೆಗೆದೆ. ಒಟ್ಟು ಒಂದು ನಿಮಿಷವೂ ಆಗಲಿಲ್ಲ. ಫೈಲಿಗೆ ನಲವತ್ತೆರಡು ಎಂದು ಸಂಖ್ಯೆ ಕೊಟ್ಟು ಫೋಲ್ಡರಿಗೆ ಹಾಕಿದೆ. ಅಂಕೋಲೆಗೂ ಕದ್ರಾಕ್ಕೂ ಹೋಯಿತು. ಅದರಲ್ಲಿ ಒಂದು ಹಳ್ಳವಿದೆ, ದಾಟಲು ಹಾಕಿದ ಅಡಿಕೆ ಮರದ ಸಂಕವಿದೆ, ಕರೆಯುವ ಯಾರದೋ ಹೆಸರಿದೆ. ಮನೆ ಮಾತ್ರ ಇಲ್ಲ, ಅಲ್ಲಿಯವರೆಗೆ ಹೋಗಲು ನಾನು ಬಿಟ್ಟಿರಲಿಲ್ಲ.

ಸಂಜೆ ಅದನ್ನು ಆಯಿಗೆ ಕೇಳಿಸಿದೆ. ಅವಳು ಕಣ್ಣರಳಿಸಿ, ತಲೆ ಸ್ವಲ್ಪ ವಾಲಿಸಿ ಕೇಳಿದಳು. ಮುಗಿದ ಮೇಲೂ ತಲೆ ಎತ್ತಲಿಲ್ಲ. ಮುಂದಿನದು ಬರುತ್ತದೆಂದು ಕಾಯುತ್ತ ಹಾಗೆಯೇ ಕೂತಿದ್ದಳು.